ಗುಡ್ಡದ ನೆತ್ತಿ ಅಳೆಯೋದು ಹೆಂಗೆ: ಮ್ಯಾಪ್‌ನಲ್ಲಿರೋ ಎತ್ತರ ಸರಿ ಮಾಡೋಕೆ ಸಮಗ್ರ ಮಾರ್ಗದರ್ಶಿ

ನಮ್ಮೂರ ಹಿಂದೆ ಒಂದು ಗುಡ್ಡ ಇದೆ. ಚಿತ್ರದುರ್ಗದಿಂದ ಹೊಳಲ್ಕೆರೆ ಕಡೆ ಹೋಗ್ತಾ ಕಾಣೋ ಹತ್ತಾರು ಗುಡ್ಡದಲ್ಲಿ ಅದೂ ಒಂದು, ಊರವ್ರು ಗವಿಗುಡ್ಡ ಅಂತೀವಿ. ಆ ಒಂದು ಗುಡ್ಡಕ್ಕೆ ಮೂರು ಎತ್ತರ. ಸರ್ವೆ ಆಫ್ ಇಂಡಿಯಾದ ಮ್ಯಾಪ್‌ನಲ್ಲಿ, ಅಂದ್ರೆ ಟೊಪೊಶೀಟ್‌ನಲ್ಲಿ 945 ಮೀಟರ್, ನನ್ನ ಫೋನ್ ಆ್ಯಪ್‌ನಲ್ಲಿ 868, ಇನ್ನೊಂದು ಆನ್‌ಲೈನ್ ಮ್ಯಾಪ್‌ನಲ್ಲಿ 931. ಒಂದೇ ಬಂಡೆ ಮೇಲೆ ನಿಂತ್ಕೊಂಡು ಮೂರು ನಂಬರ್ ನೋಡಿದ್ರೆ ಯಾರಿಗಾದ್ರೂ ತಲೆ ಕೆಡುತ್ತೆ. ಇದು ನಮ್ಮ ಪುಟ್ಟ ಗುಡ್ಡದ ಕಥೆ ಮಾತ್ರ ಅಲ್ಲ, ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಗೇ ಕೆಲವು ಕಡೆ 1925 ಮೀಟರ್ ಅಂತ ಇದೆ, ಕೆಲವು ಕಡೆ 1930 ಅಂತ ಇದೆ.

ನಾನು ಸರ್ಕಾರಿ ಸರ್ವೇಯರ್ ಅಲ್ಲ, ಸಿವಿಲ್ ಕೆಲಸ ಮಾಡ್ಕೊಂಡು ಭಾನುವಾರ ಗುಡ್ಡ ಹತ್ತೋನು. ಇಂಥ ಹವ್ಯಾಸ ಬೇರೆ ದೇಶದಲ್ಲಿ ಜೋರಾಗೇ ಇದೆ. ವೇಲ್ಸ್‌ನಲ್ಲಿ ಮನಿದ್ ಗ್ರೈಗ್ ಗೋಖ್ ಅಂತ ಒಂದು ಗುಡ್ಡ ಇತ್ತು, ಮ್ಯಾಪ್‌ನಲ್ಲಿ 609 ಮೀಟರ್, ಅಲ್ಲಿ ಬೆಟ್ಟ ಅನ್ನಿಸ್ಕೊಳ್ಳೋಕೆ 2000 ಅಡಿ ಅಂದ್ರೆ 609.6 ಮೀಟರ್ ಬೇಕು. 2008ರಲ್ಲಿ ಹವ್ಯಾಸಿಗಳು ಹೋಗಿ ಜಿಪಿಎಸ್ ಇಟ್ಟು ಅಳೆದ್ರು, 609.75 ಬಂತು, ಗುಡ್ಡ ಬೆಟ್ಟ ಆಯ್ತು. ಹದಿನೈದು ಸೆಂಟಿಮೀಟರ್‌ನಲ್ಲಿ! ನಮ್ಮಲ್ಲಿ ಹಿಂಗೆ ಗುಡ್ಡ ಯಾವುದು ಬೆಟ್ಟ ಯಾವುದು ಅಂತ ವಿಂಗಡಿಸಿರೋ ಪಟ್ಟಿ ನಾನು ಕಂಡಿಲ್ಲ, ಆದ್ರೆ ತಪ್ಪು ನಂಬರ್‌ಗಳಿಗೆ ಬರ ಇಲ್ಲ.

ಇಡೀ ಕೆಲಸದಲ್ಲಿ ಪ್ರಶ್ನೆ ಇರೋದೇ ಎರಡು: ತುದಿ ಅಂದ್ರೆ ಯಾವ ಕಲ್ಲು, ಸೊನ್ನೆ ಅಂದ್ರೆ ಎಲ್ಲಿಂದ. ಈ ಎರಡು ಕ್ಲಿಯರ್ ಇಲ್ದೆ ಲಕ್ಷಗಟ್ಲೆ ರೂಪಾಯಿ ಮೆಷಿನ್ ತಗೊಂಡೋದ್ರೂ ತಪ್ಪೇ ಬರುತ್ತೆ, ತಪ್ಪು ಮಾತ್ರ ಮೂರು ದಶಾಂಶ ಸ್ಥಾನದ ತನಕ ನೀಟಾಗಿ ಬರುತ್ತೆ.

ಮೊದ್ಲು ಮನೇಲಿ ಕೂತು ಮ್ಯಾಪ್ ಓದಿ

ಸರ್ವೆ ಆಫ್ ಇಂಡಿಯಾದ 1:50,000 ಓಪನ್ ಸೀರೀಸ್ ಮ್ಯಾಪ್ ಆನ್‌ಲೈನಲ್ಲಿ ಸಿಗುತ್ತೆ, ಇಳಿಸ್ಕೊಳ್ಳಿ. ಹಳೇ ನಂಬರ್ ಪದ್ಧತೀಲಿ ಚಿತ್ರದುರ್ಗ 57ಬಿ ಶೀಟ್‌ಗೆ ಬರುತ್ತೆ, ದಾವಣಗೆರೆ ಊರು 48ಎನ್‌ಗೆ. ಮ್ಯಾಪ್‌ನಲ್ಲಿ ಎತ್ತರ ಬರೆಯೋದ್ರಲ್ಲೇ ಜಾತಿ ಇದೆ, ಅದನ್ನ ಗಮನಿಸಿ. ತ್ರಿಕೋನದ ಪಕ್ಕ ನಂಬರ್ ಇದ್ರೆ ಅದು ತ್ರಿಕೋನಮಿತಿ ಸ್ಟೇಷನ್, ಯಾರೋ ನಿಜವಾಗ್ಲೂ ಅಲ್ಲಿ ಹೋಗಿ ಥಿಯೊಡೊಲೈಟ್ (ಕೋನ ಅಳೆಯೋ ದುರ್ಬೀನು) ಇಟ್ಟಿದಾರೆ, ನಂಬಬಹುದು. ಬರೀ ಚುಕ್ಕಿ ಪಕ್ಕ ನಂಬರ್ ಇದ್ರೆ ಸ್ಪಾಟ್ ಹೈಟ್, ಅದು ಅಷ್ಟು ಗಟ್ಟಿ ಅಲ್ಲ. ಬಿಎಂ ಅಂತ ಇದ್ರೆ ಬೆಂಚ್‌ಮಾರ್ಕ್, ಲೆವೆಲಿಂಗ್ ಮಾಡಿ, ಅಂದ್ರೆ ಹೆಜ್ಜೆ ಹೆಜ್ಜೆಗೂ ಮಟ್ಟ ಹಿಡ್ಕೊಂಡು ತಂದಿರೋ ಎತ್ತರ, ಅದು ಬಂಗಾರ. ಇನ್ನು ಎಷ್ಟೋ ಗುಡ್ಡಕ್ಕೆ ನಂಬರೇ ಇರಲ್ಲ, ಬರೀ ಕಾಂಟೂರ್ ಗೆರೆ, ಅಂದ್ರೆ ಒಂದೇ ಎತ್ತರದ ಜಾಗಗಳನ್ನ ಕೂಡಿಸೋ ಗೆರೆ. ಈ ಸ್ಕೇಲ್‌ನಲ್ಲಿ ಗೆರೆಯಿಂದ ಗೆರೆಗೆ 20 ಮೀಟರ್, ಹಂಗಾಗಿ ಕೊನೇ ಸುತ್ತು 940 ಇದ್ರೆ ತುದಿ 941 ಇರಬಹುದು, 959 ಇರಬಹುದು. ಇಂಥ ಗುಡ್ಡ ಆರಿಸ್ಕೊಂಡ್ರೆ ನಿಮ್ಮ ಕೆಲಸಕ್ಕೆ ಬೆಲೆ ಜಾಸ್ತಿ.

ಆನ್‌ಲೈನ್ ಮ್ಯಾಪ್‌ಗಳು ಎತ್ತರ ತಗೊಳ್ಳೋದು ಬಹುಪಾಲು ಸ್ಯಾಟಲೈಟ್ ಅಥವಾ ಬಾಹ್ಯಾಕಾಶ ಶಟಲ್ ಡೇಟಾದಿಂದ. 2000ದ ಫೆಬ್ರವರಿಯಲ್ಲಿ ಎಂಡೆವರ್ ಶಟಲ್ 11 ದಿನ ಸುತ್ತಿ ರೇಡಾರ್‌ನಲ್ಲಿ ಭೂಮಿ ಅಳೀತಲ್ಲ, ಎಸ್‌ಆರ್‌ಟಿಎಂ ಅಂತ, ಅದು ಸುಮಾರು 30 ಮೀಟರ್ ಚೌಕಕ್ಕೆ ಒಂದು ಎತ್ತರ ಕೊಡುತ್ತೆ. ನಮ್ಮ ದುರ್ಗದ ಗುಡ್ಡ ಹೆಂಗಿರ್ತಾವೆ ಗೊತ್ತಲ್ಲ, ಯಾರೋ ಬಂಡೆ ತಂದು ಒಂದರ ಮೇಲೊಂದು ಪೇರಿಸಿದಂಗೆ. ಆನೆ ಗಾತ್ರದ ಒಂಟಿ ಬಂಡೆ 30 ಮೀಟರ್ ಚೌಕದ ಸರಾಸರೀಲಿ ಕರಗೋಗುತ್ತೆ. ಅದಕ್ಕೇ ಚೂಪು ತುದಿ ಇರೋ ಗುಡ್ಡಗಳು ಈ ಡೇಟಾದಲ್ಲಿ ಯಾವಾಗ್ಲೂ ಕುಳ್ಳಗೆ ಕಾಣ್ತಾವೆ, ಗವಿಗುಡ್ಡದ 931 ಬಂದಿದ್ದು ಅಲ್ಲಿಂದ.

ಪರ್ಮಿಷನ್ ವಿಚಾರ, ಚಿಕ್ಕದಾಗಿ

2021ರ ಫೆಬ್ರವರಿ 15ರಂದು ಕೇಂದ್ರ ಸರ್ಕಾರ ಹೊಸ ಗೈಡ್‌ಲೈನ್ಸ್ ತಂದ್ಮೇಲೆ ಭಾರತೀಯರು ಸರ್ವೆ, ಮ್ಯಾಪಿಂಗ್ ಮಾಡೋಕೆ ಮೊದಲಿನಂಗೆ ಮುಂಚಿತ ಅನುಮತಿ ಬೇಕಿಲ್ಲ. ಹಂಗಂತ ಎಲ್ಲಿ ಬೇಕಾದ್ರೂ ನುಗ್ಗೋ ಹಂಗಿಲ್ಲ. ಜೋಗಿಮಟ್ಟಿ ವನ್ಯಧಾಮ, ಅಲ್ಲಿ ರೇಂಜ್ ಆಫೀಸ್‌ನಲ್ಲಿ ಕೇಳ್ದೆ ಹೋಗ್ಬೇಡಿ, ಚಿರತೆ ಕರಡಿ ಎರಡೂ ಇದಾವೆ. ಚಿತ್ರದುರ್ಗದ ಕೋಟೆ ಪುರಾತತ್ವ ಇಲಾಖೇದು, ಅಲ್ಲಿ ಟ್ರೈಪಾಡ್ ಬಿಚ್ಚೋಕೂ ಅನುಮತಿ ಬೇಕು, ತುಪ್ಪದ ಕೊಳದ ಬತೇರಿ ಮೇಲೆ ಮೂರು ಕಾಲು ಊರಿ ಆಮೇಲೆ ಗಾರ್ಡ್ ಹತ್ರ ಬೈಸ್ಕೋಬೇಡಿ. ಚಳ್ಳಕೆರೆ ಕಡೆ ಡಿಆರ್‌ಡಿಓ, ಇಸ್ರೋ, ಬಾರ್ಕ್ ಜಾಗಗಳ ಸುತ್ತಮುತ್ತ ಆಂಟೆನಾ ಹಿಡ್ಕೊಂಡು ಓಡಾಡೋ ಸಾಹಸ ಬೇಡವೇ ಬೇಡ. ಉಳಿದಂಗೆ ಊರ ಗುಡ್ಡಕ್ಕೆ ಹೋದ್ರೆ ಹಟ್ಟೀಲಿ ಒಂದು ಮಾತು ಹೇಳಿ ಹೋಗಿ. ಇಲ್ಲಾಂದ್ರೆ ಗಣಿಯೋರು ಬಂದ್ರು ಅಂತ ಸುದ್ದಿ ಆಗುತ್ತೆ.

ಕಾಲ ಅಂದ್ರೆ ನವೆಂಬರ್‌ನಿಂದ ಫೆಬ್ರವರಿ. ಜೂನ್ ಜುಲೈನಲ್ಲಿ ನಮ್ಮ ಗುಡ್ಡದ ಮೇಲೆ ಗಾಳಿ ಹೆಂಗಿರುತ್ತೆ ಅನ್ನೋದಕ್ಕೆ ಸಾಲಾಗಿ ನಿಂತಿರೋ ಗಾಳಿ ಫ್ಯಾನುಗಳೇ ಸಾಕ್ಷಿ, ಟ್ರೈಪಾಡ್ ನಿಲ್ಲಲ್ಲ. ಏಪ್ರಿಲ್ ಮೇ ಮಧ್ಯಾಹ್ನ ಸಿಡಿಲು, ಬೋಳು ಗುಡ್ಡದ ತುದೀಲಿ ಎರಡು ಮೀಟರ್ ಕಬ್ಬಿಣದ ಕೋಲು ಹಿಡ್ಕೊಂಡು ನಿಲ್ಲೋ ಕಾಲ ಅದಲ್ಲ. ಬಂಡೆ ಸಂದೀಲಿ ಹೆಜ್ಜೇನು ಇದೆಯಾ ಅಂತ ಮೊದ್ಲೇ ವಿಚಾರಿಸಿ.

ತುದಿ ಯಾವ ಕಲ್ಲು?

ಎಲ್ಲರೂ ಎಡವೋದು ಇಲ್ಲೇ, ಅದಕ್ಕೆ ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ಕೂರೋಣ. ಗವಿಗುಡ್ಡದ ಮೇಲೆ ಮೂರು ಬಂಡೆ ಇದಾವೆ. ಪೂರ್ವಕ್ಕೆ ಒಂದು ಚಪ್ಪಟೆ ಬಂಡೆ, ನಡುವೆ ಒಂದು ಗುಂಡು, ಪಶ್ಚಿಮಕ್ಕೆ ಒಂದು ಸೀಳು ಬಂಡೆ, ಅದರ ಬುಡದಲ್ಲಿ ಪುಟ್ಟ ಆಂಜನೇಯನ ಗುಡಿ. ಪೂರ್ವದ ಬಂಡೆ ಮೇಲೆ ನಿಂತ್ರೆ ಗುಂಡೇ ಎತ್ತರ ಅನ್ಸುತ್ತೆ, ಗುಂಡಿನ ಮೇಲೆ ಹೋಗಿ ನಿಂತ್ರೆ ಅಯ್ಯೋ ಸೀಳು ಬಂಡೆನೇ ಎತ್ತರ ಇದೆಯಲ್ಲ ಅನ್ಸುತ್ತೆ. ಕಣ್ಣನ್ನ ನಂಬಲೇಬಾರ್ದು.

ಆಟೋ ಲೆವೆಲ್ (ಮಟ್ಟ ನೋಡೋ ದುರ್ಬೀನು) ಮತ್ತೆ ಸ್ಟಾಫ್ (ಅಳತೆ ಗುರುತಿರೋ ಉದ್ದ ಕೋಲು) ಇದ್ರೆ ಹತ್ತು ನಿಮಿಷದ ಕೆಲಸ. ನಡುವೆ ಎಲ್ಲೋ ಲೆವೆಲ್ ನಿಲ್ಸಿ, ಒಂದೊಂದು ಬಂಡೆ ನೆತ್ತಿ ಮೇಲೂ ಸ್ಟಾಫ್ ಹಿಡಿಸಿ, ರೀಡಿಂಗ್ ಯಾವುದಕ್ಕೆ ಕಡಿಮೆ ಬರುತ್ತೋ ಆ ಬಂಡೆ ಎತ್ತರ. ಬಾಡಿಗೆಗೆ ಸಿಗುತ್ತೆ ಆದ್ರೆ ಹೊತ್ಕೊಂಡು ಹತ್ತಬೇಕು. ನಾನು ಬಳಸೋದು ಗಾರೆ ಮೇಸ್ತ್ರಿಗಳ ನೀರಿನ ಪೈಪು. ಮನೆ ಕಟ್ಟೋವಾಗ ಈ ಮೂಲೆಯಿಂದ ಆ ಮೂಲೆಗೆ ಮಟ್ಟ ಹಿಡಿಯೋಕೆ ಬಳಸ್ತಾರಲ್ಲ ಅದೇ, ಕಾಣೋ ಅಂಥ ಪ್ಲಾಸ್ಟಿಕ್ ಪೈಪು, 20 ಮೀಟರ್ ಸಾಕು. ತೂಕ ಇಲ್ಲ, ಬ್ಯಾಟರಿ ಬೇಡ, ಹಾರ್ಡ್‌ವೇರ್ ಅಂಗಡೀಲಿ ಸಿಗುತ್ತೆ.

ಬಕೆಟ್‌ನಿಂದ ಬಾಯಲ್ಲಿ ಎಳೆದು ನೀರು ತುಂಬ್ಸಿ, ಬಟ್ಟೆಗೆ ಹಾಕೋ ನೀಲಿ ಒಂದು ಹನಿ ಬೆರೆಸಿದ್ರೆ ನೀರಿನ ಗೆರೆ ಚೆನ್ನಾಗಿ ಕಾಣುತ್ತೆ (ಎಳೆದ್ಮೇಲೆ ಬೆರೆಸಿ, ನಾನು ಮೊದಲ ಸಲ ನೀಲಿ ಬಾಯಿ ಮಾಡ್ಕೊಂಡು ಗುಡ್ಡ ಇಳಿದಿದೀನಿ). ಎರಡೂ ತುದಿ ಪಕ್ಕಪಕ್ಕ ಹಿಡಿದು ನೀರು ಒಂದೇ ಮಟ್ಟಕ್ಕೆ ನಿಂತಿದೆಯಾ ನೋಡಿ. ಆಮೇಲೆ ಎರಡೂ ಬಾಯಿಗೆ ಹೆಬ್ಬೆಟ್ಟು ಒತ್ಕೊಂಡು ಒಬ್ರು ಈ ಬಂಡೆಗೆ ಇನ್ನೊಬ್ರು ಆ ಬಂಡೆಗೆ. ಹೆಬ್ಬೆಟ್ಟು ಬಿಟ್ಟು ನೀರು ಅಲ್ಲಾಡೋದು ನಿಂತ್ಮೇಲೆ, ಬಂಡೆ ನೆತ್ತಿಯಿಂದ ನೀರಿನ ಗೆರೆ ತನಕ ಟೇಪ್‌ನಲ್ಲಿ ಅಳೀರಿ. ಈ ಕಡೆ 42 ಸೆಂಟಿಮೀಟರ್, ಆ ಕಡೆ 107 ಬಂದ್ರೆ ಈ ಕಡೆ ಬಂಡೆನೇ 65 ಸೆಂಟಿಮೀಟರ್ ಎತ್ತರ. ಅಷ್ಟೇ ಲೆಕ್ಕ. ಎರಡು ಬಂಡೆ ವ್ಯತ್ಯಾಸ ಆಳೆತ್ತರ ದಾಟಿದ್ರೆ ನಡುವೆ ಒಂದು ಕಲ್ಲನ್ನ ಮೆಟ್ಟಿಲು ಮಾಡ್ಕೊಂಡು ಎರಡು ಸಲ ಅಳೀಬೇಕು.

ಗುಳ್ಳೆ ಬಗ್ಗೆ ಹೇಳ್ಲೇಬೇಕು. ಪೈಪಿನ ಒಳಗೆ ಎಲ್ಲೋ ಗಾಳಿ ಗುಳ್ಳೆ ಕೂತಿದ್ರೆ ನೀರಿನ ಮಟ್ಟ ಸುಳ್ಳು ಹೇಳುತ್ತೆ. ನಮ್ಮ ಮೊದಲ ಸಲದಲ್ಲಿ ಗುಂಡು ಬಂಡೆ 20 ಸೆಂಟಿಮೀಟರ್ ಎತ್ತರ ಅಂತ ಬರ್ಕೊಂಡು ಖುಷಿಯಾಗಿ ಇಳಿದು ಬಂದ್ವಿ, ಎರಡನೇ ಸಲ ಬೆರಳಲ್ಲಿ ತಟ್ಟಿ ತಟ್ಟಿ ಗುಳ್ಳೆ ಎಲ್ಲ ಬಿಡಿಸಿ ನೋಡಿದ್ರೆ ಸೀಳು ಬಂಡೆನೇ 6 ಸೆಂಟಿಮೀಟರ್ ಮೇಲೆ. ಹಂಗಾಗಿ ಪೈಪ್‌ನ ತುದಿ ಅದಲು ಬದಲು ಮಾಡಿ ಎರಡು ಸಲ ಅಳೀರಿ, ಒಂದು ಸೆಂಟಿಮೀಟರ್‌ಗಿಂತ ಜಾಸ್ತಿ ವ್ಯತ್ಯಾಸ ಬಂದ್ರೆ ಮತ್ತೆ ತುಂಬಿ.

ಇನ್ನೊಂದು ಗೊಂದಲ, ತುದಿ ಅಂದ್ರೆ ಏನು ಅನ್ನೋದು. ನಾನು ಪಾಲಿಸೋ ನಿಯಮ: ಅಲುಗಾಡ್ದಿರೋ, ತಾನಾಗೇ ಇರೋ ಕಲ್ಲು ಅಥವಾ ನೆಲ. ಜನ ಜೋಡಿಸಿರೋ ಕಲ್ಲುಗುಡ್ಡೆ ಲೆಕ್ಕಕ್ಕಿಲ್ಲ, ಹುತ್ತ ಇಲ್ಲ, ಗುಡಿ ಕಳಸ ಇಲ್ಲ, ಟವರ್ ಇಲ್ಲ. ನಮ್ಮ ಕಡೆ ಎತ್ತರದ ಗುಡ್ಡ ಅಂದ್ರೆ ಮೇಲೆ ಗುಡಿ ಇದ್ದೇ ಇರುತ್ತೆ, ಕೆಲವು ಕಡೆ ಗುಡಿ ಕಟ್ಟೋಕೆ ನೆತ್ತಿಗೇ ಕಾಂಕ್ರೀಟ್ ಸುರಿದು ಮಟ್ಟ ಮಾಡ್ಬಿಟ್ಟಿರ್ತಾರೆ. ಅಂಥ ಕಡೆ ಕಟ್ಟೆ ಪಕ್ಕದಲ್ಲಿ ಉಳಿದಿರೋ ಮೂಲ ಬಂಡೆ ಎತ್ತರ, ಕಟ್ಟೆ ಎತ್ತರ ಎರಡೂ ಬರ್ದಿಡಿ, ಜಗಳ ಬೇಡ. ಗರ್ಭಗುಡಿ ಒಳಗಿನ ಬಂಡೆನೇ ತುದಿ ಆಗಿದ್ರೆ ಪೂಜಾರ್ರನ್ನ ಕೇಳಿ, ಆಗಲ್ಲ ಅಂದ್ರೆ ಹೊಸ್ತಿಲ ತನಕ ಅಳೆದು ಹಂಗೇ ನಮೂದಿಸಿ.

ಹಳೇ ಗುರುತು ಹುಡುಕಿ

ಅವತ್ತು ಪೈಪ್ ಹಿಡ್ಕೊಂಡು ಪರದಾಡ್ತಿರೋವಾಗ ಕುರಿ ಕಾಯೋ ತಾತ ಒಬ್ರು ಬಂದು ಬಂಡೆಗೆ ಒರಗಿ ನಿಂತ್ರು. "ಏನ್ ಸ್ವಾಮಿ, ಬೋರ್ ಪಾಯಿಂಟ್ ನೋಡ್ತಿದೀರಾ?" ಅಂದ್ರು. ಗುಡ್ಡದ ತುದೀಲಿ ಬೋರ್ ಯಾರು ಹಾಕಿಸ್ತಾರೆ ತಾತ ಅಂದೆ. "ಹಂಗಾರೆ ಫ್ಯಾನ್ ಹಾಕೋರಾ?" ಅದೂ ಅಲ್ಲ, ಎತ್ತರ ಅಳೀತಿದೀವಿ ಅಂದ್ರೆ ಸ್ವಲ್ಪ ಹೊತ್ತು ಸುಮ್ನಿದ್ದು, "ಅದನ್ನ ಆಗ್ಲೇ ಯಾವನೋ ಅಳದವ್ನೆ, ಮೂಡ್ಲ ಬಂಡೆ ಮ್ಯಾಲೆ ದುಂಡುಕ್ಕೆ ಕೆತ್ತೈತೆ ನೋಡೋಗ್ರಿ" ಅಂದ್ರು.

ಹೋಗಿ ಒಣಗಿದ ಹಾವಸೆ ಕೆರೆದು ನೋಡಿದ್ರೆ ನಿಜ, ಬಂಡೇಲಿ ಅಂಗೈ ಅಗಲದ ಒಂದು ವೃತ್ತ, ನಡುವೆ ಚುಕ್ಕಿ. ಸರ್ವೆ ಸ್ಟೇಷನ್‌ನ ಗುರುತು ಹಿಂಗೇ ಇರೋದು.

ಇದರ ಹಿಂದೆ ದೊಡ್ಡ ಇತಿಹಾಸ ಇದೆ. ಟಿಪ್ಪು ಬಿದ್ದ ಮೇಲೆ ಬ್ರಿಟಿಷ್ ಸೇನೆಯ ಕಾಲಿನ್ ಮೆಕೆಂಜಿ ಮೈಸೂರು ಸೀಮೆ ಸರ್ವೆ ಶುರು ಮಾಡಿದ, ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಹತ್ರ ಬೇಸ್‌ಲೈನ್ ಹಾಕಿ, ಅಂದ್ರೆ ನೆಲದ ಮೇಲೆ ಒಂದು ನೇರ ಗೆರೆಯನ್ನ ನಿಖರವಾಗಿ ಅಳೆದು, ಗುಡ್ಡದಿಂದ ಗುಡ್ಡಕ್ಕೆ ತ್ರಿಕೋನ ಕಟ್ಕೊಂಡು ದಖ್ಖನ್ ಎಲ್ಲ ಸುತ್ತಿದ. ಅವನ ಥಿಯೊಡೊಲೈಟ್ ತೂಕ ಅರ್ಧ ಟನ್, 1808ರಲ್ಲಿ ತಂಜಾವೂರಿನ ದೇವಸ್ಥಾನದ ಗೋಪುರಕ್ಕೆ ಹಗ್ಗ ಹಾಕಿ ಏರಿಸೋವಾಗ ಹಗ್ಗ ಕಿತ್ತು ಗೋಡೆಗೆ ಬಡಿದು ಜಜ್ಜಿಹೋಯ್ತು, ಅವನೇ ಕೂತು ವಾರಗಟ್ಲೆ ತಟ್ಟಿ ಸರಿ ಮಾಡ್ಕೊಂಡ. ನಾವು ಮೂರು ಕೆಜಿ ಟ್ರೈಪಾಡ್ ಭಾರ ಅಂತೀವಿ.

ವಿಷಯ ಏನಂದ್ರೆ, ಮ್ಯಾಪ್‌ನ ತ್ರಿಕೋನದ ಪಕ್ಕ ಇರೋ ನಂಬರ್ ಈ ಕೆತ್ತಿದ ಚುಕ್ಕಿಯ ಎತ್ತರ, ಗುಡ್ಡದ ತುದಿಯದ್ದು ಆಗಿರಲೇಬೇಕು ಅಂತಿಲ್ಲ. ಸರ್ವೆಯವ್ರಿಗೆ ಬೇಕಿದ್ದು ಸುತ್ತ ಬೇರೆ ಗುಡ್ಡ ಕಾಣೋ, ಉಪಕರಣ ಇಡೋಕೆ ಚಪ್ಪಟೆ ಇರೋ ಬಂಡೆ. ಹಂಗಾಗಿ ಗುರುತು ಸಿಕ್ಕಿದ್ರೆ ಪೈಪ್ ಹಿಡಿದು ಗುರುತಿಗೂ ನಿಮ್ಮ ತುದಿಗೂ ಎಷ್ಟು ವ್ಯತ್ಯಾಸ ಅಂತ ಅಳ್ಕೊಳ್ಳಿ. ನಮಗೆ ಸೀಳು ಬಂಡೆ 2.4 ಮೀಟರ್ ಮೇಲೆ ಬಂತು. ಗುರುತಿಗೆ ಮಾತ್ರ ಸುತ್ತಿಗೆ ಉಳಿ ಏನೂ ತಾಗಿಸ್ಬೇಡಿ.

ಈಗ ಜಿಪಿಎಸ್

ಫೋನ್ ಜಿಪಿಎಸ್ ಮರ್ತುಬಿಡಿ, ಎತ್ತರದಲ್ಲಿ ಅದು ಹತ್ತು ಇಪ್ಪತ್ತು ಮೀಟರ್ ಆರಾಮಾಗಿ ತಪ್ಪುತ್ತೆ. ಬೇಕಾಗಿರೋದು ಡ್ಯುಯಲ್ ಫ್ರೀಕ್ವೆನ್ಸಿ (ಎರಡು ತರಂಗ ಹಿಡಿಯೋ) ರಿಸೀವರ್, ನಮ್ಮ ಸರ್ವೇಯರ್‌ಗಳು ಡಿಜಿಪಿಎಸ್ ಅಂತಾರಲ್ಲ ಅದು. ಲೇಔಟ್ ಸರ್ವೆ ಮಾಡೋರ ಹತ್ರ ದಿನದ ಬಾಡಿಗೆಗೆ ಸಿಗುತ್ತೆ, ಪರಿಚಯ ಇದ್ರೆ ಭಾನುವಾರ ಸುಮ್ನೆ ಕೊಡ್ತಾರೆ. ಕೈಯಲ್ಲಿ ಬೆಸುಗೆ ಹಾಕೋ ಹುಡುಗ್ರು ಯು-ಬ್ಲಾಕ್ಸ್ ಎಫ್9ಪಿ ಅನ್ನೋ ಜಿಪಿಎಸ್ ಬೋರ್ಡ್ ತಗೊಂಡು ತಾವೇ ಮಾಡ್ಕೋತಾರೆ, ಅದೂ ಒಳ್ಳೇದೇ.

ದಾರಿ ಎರಡು. ಗುಡ್ಡದ ಮೇಲೆ ಮೊಬೈಲ್ ನೆಟ್ ಇದ್ರೆ ಸರ್ವೆ ಆಫ್ ಇಂಡಿಯಾದ ಕಾರ್ಸ್ (ಸದಾ ಚಾಲೂ ಇರೋ ಜಿಪಿಎಸ್ ಸ್ಟೇಷನ್‌ಗಳ ಜಾಲ) ಸೇವೆಗೆ ರಿಜಿಸ್ಟರ್ ಆಗಿ ಲೈವ್ ಕರೆಕ್ಷನ್ ತಗೋಬಹುದು, ಕೆಲವೇ ನಿಮಿಷದಲ್ಲಿ ಸೆಂಟಿಮೀಟರ್ ಲೆಕ್ಕಕ್ಕೆ ಬರುತ್ತೆ. ನೆಟ್ ಇಲ್ಲಾಂದ್ರೆ ಸ್ಟ್ಯಾಟಿಕ್, ಅಂದ್ರೆ ರಿಸೀವರ್‌ನ ಅಲುಗಾಡ್ದಂಗೆ ಎರಡು ಗಂಟೆ ಬಿಟ್ಟು ಡೇಟಾ ರೆಕಾರ್ಡ್ ಮಾಡೋದು. ನನಗೆ ಎರಡನೇದೇ ಇಷ್ಟ. ನಿಧಾನ, ಆದ್ರೆ ಆಮೇಲೆ ಯಾರಾದ್ರೂ ಅನುಮಾನ ಪಟ್ರೆ ಫೈಲ್ ಕೊಟ್ಟು ನೀವೇ ನೋಡ್ಕೊಳ್ರಿ ಅನ್ನಬಹುದು.

ಆಂಟೆನಾ ತುದಿ ಕಲ್ಲಿನ ಮೇಲೆ ನೇರವಾಗಿ ಬರಬೇಕು, ರಸಮಟ್ಟದ ಗುಳ್ಳೆ ನಡುವೆ ಇರಬೇಕು, ಸುತ್ತ ಆಕಾಶ ತೆರೆದಿರಬೇಕು. ಬಂಡೆ ನೆತ್ತಿ ಚೂಪಿದ್ದು ಟ್ರೈಪಾಡ್ ನಿಲ್ಲಲ್ಲ ಅಂದ್ರೆ ಎಳೆದಾಡ್ಬೇಡಿ, ಪಕ್ಕದ ಚಪ್ಪಟೆ ಜಾಗದಲ್ಲಿ ನಿಲ್ಸಿ, ಅಲ್ಲಿಂದ ನೆತ್ತಿಗೆ ಎಷ್ಟು ಅಂತ ಅದೇ ನೀರಿನ ಪೈಪ್‌ನಲ್ಲಿ ಅಳೆದು ಕೂಡಿಸ್ಕೊಳ್ಳಿ. ಬಂಡೆ ಗೋಡೆಗೆ ತಾಗಿಸ್ಕೊಂಡು ಮಾತ್ರ ಇಡಬೇಡಿ, ಸಿಗ್ನಲ್ ಬಂಡೆಗೆ ಹೊಡೆದು ವಾಪಸ್ ಬಂದು ಲೆಕ್ಕ ಕೆಡಿಸುತ್ತೆ.

ಆಂಟೆನಾ ಎತ್ತರ ಅನ್ನೋದು ಈ ಹವ್ಯಾಸದ ಶನಿ. ಕಲ್ಲಿನಿಂದ ಆಂಟೆನಾ ಬುಡದ ತನಕ ನೇರ ಎಷ್ಟು ಅಂತ ಅಳೀಬೇಕು, ಅದನ್ನ ಕಳೆದ್ರೇನೇ ಕಲ್ಲಿನ ಎತ್ತರ ಬರೋದು. ಓರೆಯಾಗಿ ಅಂಚಿಗೆ ಅಳೆದ್ರೆ ಅದು ಓರೆ ಎತ್ತರ ಅಂತ ಬರ್ದು ಆಮೇಲೆ ಸರಿಪಡಿಸ್ಬೇಕು. ಶುರುವಲ್ಲಿ ಒಂದು ಸಲ, ಮುಗಿಸೋವಾಗ ಇನ್ನೊಂದು ಸಲ ಅಳೀರಿ, ಟೇಪ್ ಹಿಡಿದಿರೋ ಫೋಟೊ ತೆಗೀರಿ. ನಾನು ಒಂದು ಸಲ 1.36 ಇದ್ದಿದ್ದನ್ನ 1.63 ಅಂತ ಬರ್ಕೊಂಡು ಬಂದಿದ್ದೆ. ಗುಡ್ಡ 27 ಸೆಂಟಿಮೀಟರ್ ಕುಸಿದಿದೆ ಅಂತ ಎರಡು ದಿನ ತಲೆ ಕೆಡಿಸ್ಕೊಂಡೆ, ಕೊನೆಗೆ ಫೋಟೊ ಕಾಪಾಡ್ತು.

ಎರಡು ಗಂಟೆ ಏನ್ ಮಾಡೋದು ಅಂತ ಕೇಳ್ತೀರ. ಬುತ್ತಿ ಬಿಚ್ಚಿ. ದಾವಣಗೆರೆ ಗೆಳೆಯರು ಬಂದ್ರೆ ಮಂಡಕ್ಕಿ ಮೆಣಸಿನಕಾಯಿ ಕಟ್ಟಿಸ್ಕೊಂಡೇ ಬರ್ತಾರೆ, ಗಾಳಿಗೆ ಮಂಡಕ್ಕಿ ಹಾರಿ ಅರ್ಧ ಗುಡ್ಡಕ್ಕೇ ಹೋಗುತ್ತೆ. ಆಂಟೆನಾ ಹತ್ರ ಸುಳೀದಂಗೆ ಹತ್ತು ಹೆಜ್ಜೆ ದೂರ ಕೂತ್ರೆ ಸಾಕು. ಸಾಧ್ಯ ಆದ್ರೆ ಇನ್ನೊಂದು ದಿನ ಬೇರೆ ಹೊತ್ತಲ್ಲಿ ಬಂದು ಇನ್ನೊಂದು ಸಲ ಮಾಡಿ. ಎರಡೂ ಐದು ಸೆಂಟಿಮೀಟರ್ ಒಳಗೆ ಕೂಡಿದ್ರೆ ಧೈರ್ಯ ಬರುತ್ತೆ. ನಿಮ್ಮೂರ ಗುಡ್ಡದ ಮೇಲೆ ಕೆತ್ತಿದ ಗುರುತು ಇದ್ರೆ ಅದರ ಮೇಲೂ ಒಂದು ಸೆಷನ್ ಇಡ್ಲೇಬೇಕು, ಯಾಕೆ ಅಂತ ಮುಂದೆ ಹೇಳ್ತೀನಿ.

ಮೆಷಿನ್ ಸಿಗದಿದ್ರೆ

ಎರಡು ಅಡ್ಡದಾರಿ ಇದೆ. ಒಂದು, ಫೋನ್‌ನಲ್ಲಿರೋ ಬ್ಯಾರೋಮೀಟರ್. ನಮ್ಮ ಎತ್ತರದಲ್ಲಿ ಗಾಳಿ ಒತ್ತಡ ಒಂದು ಹೆಕ್ಟೋಪಾಸ್ಕಲ್ (ಒತ್ತಡದ ಅಳತೆ) ಕಡಿಮೆ ಆದ್ರೆ ಸುಮಾರು ಒಂಬತ್ತೂವರೆ ಮೀಟರ್ ಮೇಲೆ ಹೋದಂಗೆ. ಆದ್ರೆ ಗಾಳಿ ಒತ್ತಡಕ್ಕೂ ಉಬ್ಬರ ಇಳಿತ ಇದೆ, ನಮ್ಮ ಕಡೆ ದಿನಾ ಬೆಳಿಗ್ಗೆ ಹತ್ತರ ಹೊತ್ತಿಗೆ ಏರಿ ಸಂಜೆ ನಾಲ್ಕರ ಹೊತ್ತಿಗೆ ಮೂರ್ನಾಲ್ಕು ಹೆಕ್ಟೋಪಾಸ್ಕಲ್ ಇಳಿಯುತ್ತೆ. ಅಂದ್ರೆ ಟೇಬಲ್ ಮೇಲೆ ಸುಮ್ನೆ ಇಟ್ಟಿರೋ ಫೋನ್ ಬೆಳಿಗ್ಗೆಯಿಂದ ಸಂಜೆಗೆ ಮೂವತ್ತು ಮೀಟರ್ ಗುಡ್ಡ ಹತ್ತಿರುತ್ತೆ! ಅದಕ್ಕೆ ಎರಡು ಫೋನ್ ಬೇಕು, ಒಂದು ಕೆಳಗೆ ಎತ್ತರ ಗೊತ್ತಿರೋ ಜಾಗದಲ್ಲಿ, ಒಂದು ಮೇಲೆ. ಹೊರಡೋ ಮುಂಚೆ ಎರಡನ್ನೂ ಪಕ್ಕಪಕ್ಕ ಇಟ್ಟು ವ್ಯತ್ಯಾಸ ಬರ್ಕೊಳ್ಳಿ, ಮೇಲೆ ಹೋದ್ಮೇಲೆ ಒಂದೇ ನಿಮಿಷಕ್ಕೆ ಎರಡೂ ಕಡೆ ರೀಡಿಂಗ್ ತಗೊಂಡು ಕಳೀರಿ. ಗಾಳಿ ಇಲ್ಲದ ದಿನ ಎರಡು ಮೂರು ಮೀಟರ್ ಒಳಗೆ ತರಬಹುದು.

ಇನ್ನೊಂದು, ಕೆಳಗಿನಿಂದ ಟೋಟಲ್ ಸ್ಟೇಷನ್ (ಕೋನ, ದೂರ ಎರಡೂ ಅಳೆಯೋ ಯಂತ್ರ) ಅಥವಾ ಥಿಯೊಡೊಲೈಟ್‌ನಲ್ಲಿ ಕೋನ ಹಿಡಿಯೋದು. ಅಡ್ಡ ದೂರವನ್ನ ಕೋನದ ಟ್ಯಾನ್‌ನಿಂದ ಗುಣಿಸಿ, ಉಪಕರಣದ ಎತ್ತರ ಕೂಡಿಸಿ, ಆಮೇಲೆ ಭೂಮಿ ಬಾಗಿರೋದಕ್ಕೂ ಬೆಳಕು ಬಾಗೋದಕ್ಕೂ ಸೇರಿಸಿ ಒಂದು ತಿದ್ದುಪಡಿ ಕೂಡಿಸ್ಬೇಕು: ದೂರ ಕಿಲೋಮೀಟರ್‌ನಲ್ಲಿ ಹಿಡಿದು ಅದರ ವರ್ಗಕ್ಕೆ 0.0673 ಗುಣಿಸಿದ್ರೆ ಮೀಟರ್‌ನಲ್ಲಿ ಬರುತ್ತೆ. ಒಂದು ಕಿಲೋಮೀಟರ್‌ಗೆ 7 ಸೆಂಟಿಮೀಟರ್, ಐದಕ್ಕೆ 1.7 ಮೀಟರ್, ಹತ್ತಕ್ಕೆ 6.7 ಮೀಟರ್. ಹಳೇ ಸರ್ವೆಯವ್ರು ಇಂಥ ಎತ್ತರದ ಕೋನಗಳನ್ನ ಮಧ್ಯಾಹ್ನ ಹಿಡೀತಿದ್ರು, ಆಗ ಬೆಳಕು ಬಾಗೋದು ಕಡಿಮೆ. ಫೋನ್ ಆ್ಯಪ್‌ನಲ್ಲಿ ಕೋನ ಅಳೆಯೋ ಆಸೆ ಬೇಡ, ಅರ್ಧ ಡಿಗ್ರಿ ತಪ್ಪಿದ್ರೆ ಎರಡು ಕಿಲೋಮೀಟರ್ ದೂರಕ್ಕೆ 17 ಮೀಟರ್ ಹೋಯ್ತು.

ಸೊನ್ನೆ ಎಲ್ಲಿ?

ಮನೆಗೆ ಬಂದ್ರಿ, ಫೈಲ್ ಇದೆ. ಅದನ್ನ ರೈನೆಕ್ಸ್ ಫಾರ್ಮ್ಯಾಟ್‌ಗೆ (ಎಲ್ಲ ಸಾಫ್ಟ್‌ವೇರ್ ಓದೋ ಜಿಪಿಎಸ್ ಫೈಲ್) ಬದಲಾಯಿಸಿ ಕೆನಡಾ ಸರ್ಕಾರದ ಸಿಎಸ್‌ಆರ್‌ಎಸ್-ಪಿಪಿಪಿ ಅಥವಾ ಆಸ್ಟ್ರೇಲಿಯಾದ ಆಸ್‌ಪಾಸ್ ಅನ್ನೋ ಆನ್‌ಲೈನ್ ಲೆಕ್ಕದ ಸೇವೆಗೆ ಅಪ್‌ಲೋಡ್ ಮಾಡಿ, ಎರಡೂ ಪುಕ್ಕಟೆ. ನಮ್ಮ ಗುಡ್ಡದ ಲೆಕ್ಕವನ್ನ ಕೆನಡಾ ಕಂಪ್ಯೂಟರ್ ಮಾಡಿಕೊಡುತ್ತೆ ಅನ್ನೋದೇ ಒಂಥರಾ ಮಜಾ. ಅವಸರ ಮಾಡ್ಬೇಡಿ, ಸ್ಯಾಟಲೈಟ್‌ಗಳ ನಿಖರ ಕಕ್ಷೆಯ ಅಂತಿಮ ಲೆಕ್ಕ ಹೊರಗೆ ಬರೋಕೆ ಎರಡು ವಾರದ ಮೇಲೆ ಬೇಕು, ಆಗ ಇನ್ನೊಂದು ಸಲ ಹಾಕಿದ್ರೆ ಉತ್ತರ ಗಟ್ಟಿ.

ಬರೋ ಉತ್ತರ ನೋಡಿ ಎದೆ ಒಡ್ಕೋಬೇಡಿ. ನಮ್ಮ ಸೀಳು ಬಂಡೆಗೆ ಬಂದಿದ್ದು 865 ಚಿಲ್ಲರೆ. ಮ್ಯಾಪ್‌ನಲ್ಲಿ 945 ಇರೋವಾಗ 80 ಮೀಟರ್ ಎಲ್ಲಿ ಹೋಯ್ತು? ಎಲ್ಲೂ ಹೋಗಿಲ್ಲ. ಜಿಪಿಎಸ್‌ಗೆ ಸಮುದ್ರ ಅಂದ್ರೇನು ಅಂತಾನೇ ಗೊತ್ತಿಲ್ಲ. ಅದು ಭೂಮೀನ ಒಂದು ನುಣುಪಾದ, ಧ್ರುವದ ಕಡೆ ಸ್ವಲ್ಪ ಚಪ್ಪಟೆಯಾದ ಗೋಳ ಅಂತ ಹಿಡ್ಕೊಂಡು, ಎಲಿಪ್ಸಾಯ್ಡ್ ಅಂತಾರೆ, ಅದರ ಮೇಲಿಂದ ಎತ್ತರ ಹೇಳುತ್ತೆ. ನಿಜವಾದ ಸಮುದ್ರ ಮಟ್ಟ ಗುರುತ್ವದ ಮಾತು ಕೇಳುತ್ತೆ, ಒಂದು ಕಡೆ ಉಬ್ಬಿ ಒಂದು ಕಡೆ ತಗ್ಗಿರುತ್ತೆ, ಅದು ಜಿಯಾಯ್ಡ್. ಇಡೀ ಪ್ರಪಂಚದಲ್ಲಿ ಅತಿ ದೊಡ್ಡ ತಗ್ಗು ಇರೋದು ಶ್ರೀಲಂಕಾದ ದಕ್ಷಿಣಕ್ಕೆ ಹಿಂದೂ ಮಹಾಸಾಗರದಲ್ಲಿ, ನೂರು ಮೀಟರ್‌ಗೂ ಹೆಚ್ಚು. ಆ ತಗ್ಗಿನ ಇಳಿಜಾರಲ್ಲೇ ನಾವೂ ಇದೀವಿ, ನಮ್ಮ ಕಡೆ ಜಿಯಾಯ್ಡ್ ಸುಮಾರು 80 ಮೀಟರ್ ಆಸುಪಾಸು ಕೆಳಗಿದೆ. ಆಂಡ್ರಾಯ್ಡ್ ಫೋನ್ ಕೊಡೋ ಕಚ್ಚಾ ಎತ್ತರವೂ ಎಲಿಪ್ಸಾಯ್ಡ್‌ದೇ, ಕೆಲವು ಆ್ಯಪ್ ತಿದ್ದಿ ತೋರಿಸ್ತಾವೆ ಕೆಲವು ಹಂಗೇ ತೋರಿಸ್ತಾವೆ, ನನ್ನ ಫೋನ್‌ನ 868ರ ಗುಟ್ಟು ಅದೇ.

ಲೆಕ್ಕ ಸುಲಭ: ಜಿಪಿಎಸ್ ಎತ್ತರದಿಂದ ಜಿಯಾಯ್ಡ್ ಅಂಕಿ ಕಳೀಬೇಕು. ಅಂಕಿ ಮೈನಸ್‌ನಲ್ಲಿರೋದ್ರಿಂದ ಕಳೆದ್ರೆ ಕೂಡಿದಂಗೆ. ಉದಾಹರಣೆಗೆ 865.22ರಿಂದ ಮೈನಸ್ 82.30 ಕಳೆದ್ರೆ 947.52. ನಿಮ್ಮ ಜಾಗದ ಅಂಕಿ ತಗೊಳ್ಳೋಕೆ ಇಜಿಎಂ2008 ಅನ್ನೋ ಜಿಯಾಯ್ಡ್ ಮಾಡೆಲ್‌ನ ಆನ್‌ಲೈನ್ ಕ್ಯಾಲ್ಕುಲೇಟರ್ ಇದಾವೆ, ಅಕ್ಷಾಂಶ ರೇಖಾಂಶ ಹಾಕಿದ್ರೆ ಸಾಕು. ಇಲ್ಲಿ ಪ್ಲಸ್ ಮೈನಸ್ ತಿರುಗಾ ಮುರುಗಾ ಮಾಡಿ ಗುಡ್ಡನ 160 ಮೀಟರ್ ಪಾತಾಳಕ್ಕೆ ಇಳಿಸಿದೋರನ್ನ ಕಂಡಿದೀನಿ.

ಇಷ್ಟಕ್ಕೇ ಮುಗೀಲಿಲ್ಲ. ಸರ್ವೆ ಆಫ್ ಇಂಡಿಯಾ ಮ್ಯಾಪ್‌ಗಳ ಸೊನ್ನೆ ಬೇರೆ ಕಡೆಯಿಂದ ಬಂದಿದ್ದು. 1909ಕ್ಕೆ ಮುಗಿದ ದೊಡ್ಡ ಲೆವೆಲಿಂಗ್ ಲೆಕ್ಕದಲ್ಲಿ ಒಂಬತ್ತು ಬಂದರುಗಳ ಸರಾಸರಿ ಸಮುದ್ರ ಮಟ್ಟವನ್ನ ಸೊನ್ನೆ ಅಂತ ಹಿಡಿದ್ರು, ಕರಾಚಿಯಿಂದ ಹಿಡಿದು ಮದ್ರಾಸು, ವಿಶಾಖಪಟ್ಟಣದ ತನಕ, ಅದ್ರಲ್ಲಿ ನಮ್ಮ ಕಾರವಾರನೂ ಒಂದು. ಇಜಿಎಂ2008ರ ಸೊನ್ನೆಗೂ ಈ ಸೊನ್ನೆಗೂ ಅಷ್ಟಿಷ್ಟು ವ್ಯತ್ಯಾಸ ಇರುತ್ತೆ. ಅದನ್ನ ಹಿಡಿಯೋಕೆ ಒಂದೇ ಉಪಾಯ, ಎತ್ತರ ಗೊತ್ತಿರೋ ಹಳೇ ಗುರುತಿನ ಮೇಲೆ ನಿಮ್ಮ ಅದೇ ಮೆಷಿನ್ ಇಟ್ಟು ನೋಡೋದು. ಸೇತುವೆ, ಮೋರಿ, ಹಳೇ ಕಟ್ಟಡದ ಮೆಟ್ಟಿಲ ಮೇಲೆ ಬಿಎಂ ಅಂತ ಕೆತ್ತಿರೋದು ಕಣ್ಣಿಗೆ ಬಿದ್ರೆ ಬಿಡಬೇಡಿ, ರಸ್ತೆ ಅಗಲ ಮಾಡೋವಾಗ ಎಷ್ಟೋ ಹೋಗಿಬಿಟ್ಟಿವೆ. ರೈಲ್ವೆ ಸ್ಟೇಷನ್ ಹಳದಿ ಬೋರ್ಡ್‌ನಲ್ಲಿ ಸಮುದ್ರ ಮಟ್ಟದಿಂದ ಎತ್ತರ ಬರ್ದಿರುತ್ತಲ್ಲ, ಅದು ಅಂದಾಜಿಗೆ ಮಾತ್ರ ಆಗುತ್ತೆ, ಸೆಂಟಿಮೀಟರ್ ಲೆಕ್ಕಕ್ಕೆ ಅಲ್ಲ.

ಗವಿಗುಡ್ಡದಲ್ಲಿ ತಾತ ತೋರಿಸಿದ ಆ ವೃತ್ತದ ಮೇಲೆ ಮೆಷಿನ್ ಇಟ್ಟು ಬಂದಿದ್ವಿ. ಲೆಕ್ಕ ಹಾಕಿದ್ರೆ 945.1. ಮ್ಯಾಪ್‌ನಲ್ಲಿ 945! ನಾವು ತಿಂಗಳುಗಟ್ಲೆ ಮ್ಯಾಪ್ ತಪ್ಪು ಮ್ಯಾಪ್ ತಪ್ಪು ಅಂತ ಬೈಕೊಂಡು ಓಡಾಡಿದ್ವಿ, ಅದು ತನ್ನ ಕಲ್ಲಿನ ವಿಷಯದಲ್ಲಿ ಸರಿಯಾಗೇ ಇತ್ತು, ನಾವು ನೋಡ್ತಿದ್ದ ಕಲ್ಲು ಬೇರೆ.

ಬರೆಯೋದು, ತಿದ್ದೋದು

ದಶಾಂಶದ ಆಸೆ ಬಿಡಿ. 947.523 ಅಂತ ಬರೆದ್ರೆ ಮಿಲಿಮೀಟರ್ ತನಕ ಗೊತ್ತು ಅಂತ ಸುಳ್ಳು ಹೇಳಿದಂಗೆ. ನಮ್ಮ ಇಡೀ ಸರಪಳೀಲಿ ಜಿಯಾಯ್ಡೇ ಅತಿ ಸಡಿಲ ಕೊಂಡಿ, 947.5 ಅಂತ ಬರೀರಿ ಸಾಕು. ಬ್ಯಾರೋಮೀಟರ್‌ನಲ್ಲಿ ಮಾಡಿದ್ರೆ ಪೂರ್ಣ ಮೀಟರ್ ಮಾತ್ರ, ಪಕ್ಕದಲ್ಲಿ ಮೂರು ಮೀಟರ್ ಹೆಚ್ಚು ಕಡಿಮೆ ಅಂತ ಸೇರಿಸಿ. ಅಡಿಗೆ ಬದಲಾಯಿಸೋದು ಕೊನೇಲಿ, ಒಂದೇ ಸಲ, 3.2808ರಿಂದ ಗುಣಿಸಿ. ಮೀಟರ್‌ನಿಂದ ಅಡಿ, ಅಡಿಯಿಂದ ಮತ್ತೆ ಮೀಟರ್ ಅಂತ ನಾಲ್ಕು ಕೈ ದಾಟಿ ಬಂದ ನಂಬರ್‌ಗಳೇ ಊರೆಲ್ಲ ತಿರುಗ್ತಿರೋದು.

ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಶಿಖರದ ಬಿಂದುವನ್ನ ನೀವೇ ತಿದ್ದಬಹುದು. ಮೊದ್ಲು ಬಿಂದು ಸರಿಯಾದ ಬಂಡೆ ಮೇಲೆ ಇದೆಯಾ ನೋಡಿ ಅಲ್ಲಿಗೆ ಸರಿಸಿ, ಆಮೇಲೆ ಎತ್ತರದ ಟ್ಯಾಗ್‌ನಲ್ಲಿ ಸಮುದ್ರ ಮಟ್ಟದ ಎತ್ತರ ಹಾಕಿ, ಎಲಿಪ್ಸಾಯ್ಡ್‌ದು ಹಾಕಿಬಿಟ್ಟು ಇನ್ನೊಂದು ಅವಾಂತರ ಮಾಡ್ಬೇಡಿ. ಮೂಲ ಅಂತ ಇರೋ ಕಡೆ ಸ್ಟ್ಯಾಟಿಕ್ ಜಿಪಿಎಸ್, ತಾರೀಖು, ಯಾವ ಜಿಯಾಯ್ಡ್ ಅನ್ನೋದನ್ನ ಬರೀರಿ. ಹಳೇ ಅಂಕಿ ಸುಮ್ನೆ ಅಳಿಸ್ಬೇಡಿ, ಟಿಪ್ಪಣೀಲಿ "ಟೊಪೊಶೀಟ್ 945, ಪೂರ್ವದ ಬಂಡೆ ಮೇಲಿನ ಗುರುತಿನದು" ಅಂತ ಉಳಿಸಿ. ನಾಳೆ ಇನ್ನೊಬ್ಬ ಬಂದು ಟೊಪೊಶೀಟ್ ನೋಡಿ ನಿಮ್ಮದನ್ನ ತಪ್ಪು ಅಂತ ತಿದ್ದೋದು ಆಗ ತಪ್ಪುತ್ತೆ.

ನೋಟ್‌ಬುಕ್‌ನಲ್ಲಿ ಬಂಡೆಗಳ ಕೈಚಿತ್ರ ಒಂದು ಇರ್ಲಿ, ಉತ್ತರ ದಿಕ್ಕು ಗುರುತು ಹಾಕಿ, ಯಾವ ಬಂಡೆಯ ಯಾವ ಮೂಲೆ ತುದಿ ಅನ್ನೋದಕ್ಕೆ ಬಾಣ ಹಾಕಿ, ನಾಲ್ಕು ದಿಕ್ಕಿನಿಂದ ಫೋಟೊ ತೆಗೆದಿಡಿ. ಬಂಡೆ ಮೇಲೆ ಪೇಂಟ್‌ನಲ್ಲಿ ಎತ್ತರ ಬರೆಯೋ ಚಟ ಮಾತ್ರ ಬೇಡ. ನಮ್ಮ ಸೀಳು ಬಂಡೆ ಮೇಲೆ ಯಾರೋ ಕೆಂಪಕ್ಷರದಲ್ಲಿ 3200 ಅಡಿ ಅಂತ ಬರ್ದು ಹೋಗಿದಾರೆ, ಪಕ್ಕದಲ್ಲೇ ಒಂದು ಹೃದಯ, ಎರಡು ಹೆಸರು. ತಾತ ಅದನ್ನ ತೋರಿಸಿ, "ನೀವು ಇಂಗೆಲ್ಲ ಬರೆಯೋರಲ್ಲ ತಾನೇ?" ಅಂತ ಕೇಳಿಯೇ ಕುರಿ ಹೊಡ್ಕೊಂಡು ಇಳಿದಿದ್ದು.